ಹತ್ತು ಮೀನು

ಬೋರ್ಡು ಬರೆದವನು ನಾನೇ.
ದೋಣಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ,
ಹಲಸಿನ ಹಲಗೆ, ಬೆರಳಿಗೆ ಸುತ್ತಿದ ಬಟ್ಟೆ.
ಬ್ರಶ್ಶಿಗೆಂದು ರಾಯ್ಕರ್ ಸಾಹುಕಾರರು ಕೊಟ್ಟ ದುಡ್ಡು
ಚಾ ಅಂಗಡಿಯಲ್ಲಿ ಮುಗಿದಿತ್ತು.

"ಮಿರಗದಿಂದ ಆಷಾಢ ಮುಗಿಯುವ ತನಕ
ಹತ್ತು ಮೀನು ಹಿಡಿಯಬಾರದು."

ಕದ್ರಾ ಹಿನ್ನೀರಿನ ದಡದಲ್ಲಿ ನೆಟ್ಟೆವು,
ಲಾಡ್ಜಿನ ಮೆಟ್ಟಿಲಿಳಿದರೆ ಮೊದಲು ಕಣ್ಣಿಗೆ ಬೀಳುವ ಹಾಗೆ.

ನಮ್ಮ ಕಡೆ ಯಾರನ್ನೇ ಕೇಳಿ,
ಹತ್ತು ಮೀನೆಂದರೆ ಹತ್ತುವ ಮೀನು.
ಮೊದಲ ಕೆಂಪು ನೀರು ಹಳ್ಳಕ್ಕಿಳಿದ ರಾತ್ರಿ
ತುಂಬು ಬಸುರಿಯಾಗಿ ಹೊಳೆಗೆ ಎದುರು ಈಜಿ,
ಗದ್ದೆಯ ಹಾಳಿಯ ಮೇಲೂ ಹೊಟ್ಟೆಯಲ್ಲೇ ತೆವಳಿ
ತತ್ತಿ ಇಡಲು ಜಾಗ ಹುಡುಕುವ ಮೀನು.
ಇದನ್ನೂ ಬರೆದು ತಿಳಿಸಬೇಕೆಂದು
ನನಗೆ ಹೊಳೆಯಲಿಲ್ಲ.

ಬೆಳಗಾವಿಯಿಂದ ಬಂದರು ದೇಸೂರಕರ,
ಕಂಪನಿಗಳ ಲೆಕ್ಕ ತಪಾಸಣೆ ಮಾಡುವವರು.
ಮಡಚುವ ಗಾಳ, ಹನ್ನೊಂದು ಜೇಬಿನ ಅಂಗಿ,
ಜೇಬಿಗೊಂದು ಸಾಮಾನು.
ಬೋರ್ಡನ್ನು ಎರಡು ಸಲ ಓದಿ ತಲೆಯಾಡಿಸಿದರು:
"ಒಳ್ಳೆಯದು. ಮನುಷ್ಯನಿಗೆ ಮಿತಿ ಬೇಕು."
ನನಗೂ ಹಿಗ್ಗು. ದೋಣಿಯ ನೀರು ಗೋರಲು ಹೋದೆ.

ಸಂಜೆ, ದೂರದಲ್ಲಿ ಕೈಗಾದ ದೀಪ ಹತ್ತುವ ಹೊತ್ತಿಗೆ
ಅಡಿಗೆಮನೆಯ ಹಿಂಬಾಗಿಲಿಗೆ ಬಕೆಟ್ಟು ತಂದಿಟ್ಟು
ಕನ್ನಡಕದ ಮಳೆ ಒರೆಸುತ್ತ ಅಂದರು, "ಒಂಬತ್ತು. ಎಣಿಸಿಕೊಳ್ಳಿ.
ಹತ್ತನೆಯದೂ ಕಚ್ಚಿತ್ತು, ತೆಳ್ಳಗಿನದು,
ಕೊಕ್ಕೆ ಬಿಡಿಸಿ ನೀರಿಗೇ ಬಿಟ್ಟೆ.
ನಿಯಮ ಅಂದರೆ ನಿಯಮ."

ರುಜೀನಾಬಾಯಿ ಮೆಟ್ಟುಗತ್ತಿಯ ಮೇಲೆ ಕುಳಿತು
ಮೊದಲ ಮುಗುಡಿನ ಹೊಟ್ಟೆ ಸೀಳಿದಳು. ತತ್ತಿ.
ಎರಡನೆಯದು. ತತ್ತಿ.
ಮೂರು, ನಾಲ್ಕು, ಅವಳು ಬಾಯಿ ಬಿಡಲಿಲ್ಲ.
ಸಾಸಿವೆಯಷ್ಟು ಸಣ್ಣ, ಹಸಿರು ಬೆರೆತ ಹಳದಿ,
ಊಟದ ತಾಟು ತುಂಬಿ ಅಂಚು ದಾಟಿತು.
"ಎಣಿಸ್ರಿ ಸಾಹೇಬ್ರೆ," ಅಂದಳು, "ನೀವು ಎಣಿಸೋರಲ್ಲ?
ಬಿಟ್ಟು ಬಂದ್ರಲ್ಲ ತೆಳ್ಳಗಿಂದು, ಅದೊಂದೇ ಗಂಡು."

"ಹತ್ತು ಅಂದರೆ..." ಎಂದರು ಅವರು.
ನಾನು ಮಾತಾಡದೆ ಅಂಗೈಯನ್ನು ಗೋಡೆಗೆ ಒತ್ತಿ
ಬಾಲ ಬಡಿಯುತ್ತ ಮೇಲಕ್ಕೆ ತೆವಳಿಸಿ ತೋರಿಸಿದೆ.
ಆ ಕೈಯನ್ನೇ ನೋಡಿದರು, ಬಹಳ ಹೊತ್ತು,
ಅದು ಕೆಳಗಿಳಿದ ಮೇಲೂ.
ಆ ರಾತ್ರಿ ಬರೀ ಸಾರು ಅನ್ನ ಉಂಡು ಮಲಗಿದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಚಿಕ್ಕವನಿದ್ದಾಗ ಅಪ್ಪನ ಹಿಂದೆ ಲಾಟೀನು ಹಿಡಿದು
ಇದೇ ಮಿರಗದ ರಾತ್ರಿ ಹಳ್ಳಕ್ಕಿಳಿದಿದ್ದೇನೆ.
ಅಪ್ಪ ಕತ್ತಿ ಬೀಸುವುದು, ನಾನು ಹೆಕ್ಕುವುದು;
ಬೆಳಗಾಗುವುದರೊಳಗೆ ಎರಡು ಗೋಣಿ.
ಒಲೆಯ ಮೇಲಿನ ಅಟ್ಟ ತುಂಬಿದರೆ ಅದೇ ಮಿತಿ,
ತುಂಬಿದ ಮೇಲೂ ನೆಂಟರ ಅಟ್ಟವಿತ್ತು.
ನಮಗೆಲ್ಲ ಆ ಮಾತಿನ ಅರ್ಥ ಗೊತ್ತಿತ್ತು.
ಅರ್ಥ ಗೊತ್ತಿಲ್ಲದ ಈ ಮನುಷ್ಯ
ಒಂಬತ್ತಕ್ಕಾದರೂ ನಿಂತ.

ಬೋರ್ಡು ತಿದ್ದಬೇಕಿತ್ತು. "ಏರುವ ಮೀನು" ಅಂತ ಬರೆದರೆ
ಯಾರ ಬಾಯಲ್ಲೂ ಇಲ್ಲದ ಮಾತು,
ನನ್ನ ಬೆರಳೇ ಒಪ್ಪಲಿಲ್ಲ.
ಡಬ್ಬದ ತಳ ಕೆರೆದರೆ ಸಿಕ್ಕ ನೀಲಿಯಲ್ಲಿ
ಕೆಳಗೆ ಒಂದೇ ಪದ ಸೇರಿಸಿದೆ:
"ಒಂದೂ."

ಈಗ ಬಂದವರೆಲ್ಲ ಓದಿ ನಗುತ್ತಾರೆ,
ಹತ್ತು ಹಿಡಿಯಬಾರದು, ಒಂದೂ! ಎಂಥ ಕನ್ನಡವಪ್ಪ!
ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.
ಗಾಳ ಮಾತ್ರ ಕಾರಿನಲ್ಲೇ ಇರುತ್ತದೆ.

ನಿನ್ನೆ ರಾತ್ರಿ ಮಳೆ ಹಿಡಿಯಿತು.
ಹಳ್ಳದ ಬಾಯಲ್ಲಿ ಬ್ಯಾಟರಿ ಆರಿಸಿ ಕುಳಿತೆ.
ಪಚಕ್ಕನೆ ಒಂದು ಹತ್ತಿತು.
ಕಾಲ ಬುಡದಲ್ಲೇ ಇನ್ನೊಂದು.
ಕೈ ತಾನಾಗಿ ಸೊಂಟಕ್ಕೆ ಹೋಯಿತು.
ಅಲ್ಲಿ ಬರೀ ಕೊಕ್ಕೆಯಿತ್ತು;
ಕತ್ತಿಯನ್ನು ರುಜೀನಾಬಾಯಿಯ ಹತ್ತಿರ
ಕೊಟ್ಟು ಬಂದಿದ್ದೆ.